ಮೂರನೇ ಬೇಸಿನ ಸದ್ದು

ಕಲ್ಲಿದ್ದಲು ಅಂಗಡಿಯವರು ಕೊಟ್ಟ ಕ್ಯಾಲೆಂಡರು ಅಡುಗೆಮನೆಯ ಬಾಗಿಲ ಪಕ್ಕ ತೂಗುತ್ತಿತ್ತು. ಹೆಂಡತಿ ಹಿತ್ತಲಿಗೆ ಹೋದ ಹೊತ್ತು ನೋಡಿಕೊಂಡು ಎಮಿಲ್ ಹ್ರುಷ್ಕಾ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದ. ಮೇ ತಿಂಗಳಲ್ಲಿ ಎಡಗಣ್ಣಿಗೆ ಅಂಕಿಗಳು ಮಸುಕಾಗಿದ್ದವು. ಜುಲೈ ಹೊತ್ತಿಗೆ ಗೆರೆಗಳು ಕರಗಿದವು. ಈಗ, ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ, ಗೋಡೆ ಯಾವುದು ಕ್ಯಾಲೆಂಡರು ಯಾವುದು ತಿಳಿಯಲಿಲ್ಲ; ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಯಾರೋ ಮುಖದ ಮುಂದೆ ಹಿಡಿದ ಹಾಗೆ ಒಂದೇ ಬಿಳಿ. ಅಂಗೈ ತೆಗೆದ. ಬಲಗಣ್ಣಿಗೆ ಅಂಕಿ ಕಂಡಿತು, ಆದರೆ ಅದರ ಅಂಚಿನಲ್ಲೂ ಒಂದು ಮಂಜು ಕೂತಿತ್ತು. ಇವತ್ತು ಕೊನೆಯ ಆಟ ಅಂದುಕೊಂಡ. ಇವತ್ತೊಂದು ದಿನ. ಕಣ್ಣಿನ ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ದರು, ಪೊರೆ ಬಂದಿದೆ, ಕುಯ್ಯಬೇಕು, ಆಮೇಲೆ ಆರು ವಾರ ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು ಅಲ್ಲಾಡದೆ ಮಲಗಬೇಕು ಅಂತ. ಹ್ರುಷ್ಕಾ ಅಕ್ಟೋಬರಿಗೆ ಬರುತ್ತೇನೆ ಎಂದು ಹೇಳಿ ಟೋಪಿ ಹಾಕಿಕೊಂಡು ಹೊರಟುಬಿಟ್ಟಿದ್ದ. ಹತ್ತೊಂಬತ್ತು ವರ್ಷ ಈ ಊರಿನ ಬೇಸ್‌ಬಾಲ್ ತಂಡದ ಅಧಿಕೃತ ಸ್ಕೋರರ್ ಆಗಿ ಕೂತಿದ್ದಾನೆ. ಹದಿನೆಂಟು ವರ್ಷ ತಂಡ ಕೆಸರಲ್ಲೇ ಹೊರಳಿದೆ. ಈ ವರ್ಷ ಮಾತ್ರ ಮೇ ತಿಂಗಳಿಗೇ ಗಾಳಿಯ ವಾಸನೆ ಬೇರೆಯಾಗಿತ್ತು. ಇಂಥ ಸೀಸನ್ನನ್ನು ಬಿಟ್ಟು ಮರಳಿನ ಚೀಲಗಳ ನಡುವೆ ಯಾರು ಮಲಗುತ್ತಾರೆ?

"ಬಟ್ಟಲು ಇಲ್ಲಿದೆ ಎಮಿಲ್. ಮೇಜಿಗೆ ಯಾಕೆ ಕಾಫಿ ಕುಡಿಸ್ತೀಯ?" ರೂಝೆನಾ ಹಿತ್ತಲಿಂದ ಬಂದು ಎಲೆಕೋಸಿನ ಬುಟ್ಟಿ ಕೆಳಗಿಟ್ಟಳು.

"ಯೋಚನೆಯಲ್ಲಿದ್ದೆ."

"ಹೌದು, ಯೋಚನೆ," ಎಂದಳು ಅವಳು. ಒರೆಸುವ ಬಟ್ಟೆ ತಂದು ಮೇಜು ಒರೆಸಿ, ಬಟ್ಟಲನ್ನು ಅವನ ಬಲಗೈಗೆ ತಾಗುವ ಹಾಗೆ ಸರಿಸಿಟ್ಟಳು. ಅವಳಿಗೆ ಗೊತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಅವಳು ಕೇಳಿದ್ದರೆ ಬೈದುಬಿಡುತ್ತಿದ್ದ. ಅವಳು ಕೇಳುತ್ತಿರಲಿಲ್ಲ, ವಸ್ತುಗಳನ್ನು ಬಲಕ್ಕೆ ಸರಿಸುತ್ತಿದ್ದಳು ಅಷ್ಟೆ. ಉಪ್ಪು, ಚಾಕು, ಚಪ್ಪಲಿ, ಎಲ್ಲವೂ ಈ ಮನೆಯಲ್ಲಿ ತಿಂಗಳುಗಳಿಂದ ಬಲಕ್ಕೆ ನಡೆಯುತ್ತಿದ್ದವು.

ಟ್ರಾಮಿನಲ್ಲಿ ಅವನಿಗೆ ಜಾಗ ಬಿಟ್ಟುಕೊಟ್ಟರು. ಈ ವರ್ಷ ಜನ ಹ್ರುಷ್ಕಾನಿಗೆ ಜಾಗ ಬಿಟ್ಟುಕೊಡುತ್ತಾರೆ. ತಂತಿ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಆಟಕ್ಕೆ ಹೊರಟವರು, ಎಣ್ಣೆ ಕೈಗಳು, ಬಾಯಲ್ಲಿ ತಂಬಾಕು. ಅವರ ಬಾಯಲ್ಲಿ ಸಂಖ್ಯೆಗಳು ಜಪದ ಹಾಗೆ ಓಡುತ್ತಿದ್ದವು. ಚೆಂಡೆಸೆಯುವ ಪಿಚರ್ ಟ್ಯಾಕೆಟ್ ಮೂವತ್ತು ಆಟ ಗೆದ್ದ, ಇವತ್ತು ಗೆದ್ದರೆ ಮೂವತ್ತೊಂದು. ಹದಿನಾಲ್ಕು ಆಟಗಳಲ್ಲಿ ಎದುರಾಳಿಗೆ ಒಂದು ರನ್ನೂ ಕೊಟ್ಟಿಲ್ಲ. ಆಗಸ್ಟಿನಲ್ಲಿ ತಂಡ ಸತತ ಇಪ್ಪತ್ತೊಂದು ಆಟ ಗೆದ್ದಿತ್ತು. ಬಿಟ್ಟುಬಂದ ಯುರೋಪಿನ ಯುದ್ಧದಲ್ಲಿ ಅವರ ಅಣ್ಣತಮ್ಮಂದಿರು ಯಾವ ಹಳ್ಳದಲ್ಲಿ ಸಾಯುತ್ತಿದ್ದಾರೆಂಬ ಲೆಕ್ಕ ಅವರಿಗೆ ಸಿಗುತ್ತಿರಲಿಲ್ಲ. ಈ ಲೆಕ್ಕ ಮಾತ್ರ ದಿನಾ ಸಂಜೆ ಪತ್ರಿಕೆಯಲ್ಲಿ ಸಿಗುತ್ತಿತ್ತು, ಅದನ್ನು ಹ್ರುಷ್ಕಾನೇ ಬರೆಯುತ್ತಿದ್ದ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು ಸಂಖ್ಯೆ. ಕ್ಲೈಡ್ ಟ್ಯಾಕೆಟ್ ಈ ವರ್ಷ ಮುನ್ನೂರ ಮೂವತ್ತೆರಡು ಇನಿಂಗ್ಸ್ ಚೆಂಡೆಸೆದು ಮೂವತ್ತೇಳು ರನ್ ಕೊಟ್ಟಿದ್ದ. ಒಂಬತ್ತು ಇನಿಂಗ್ಸಿನ ಆಟವೊಂದಕ್ಕೆ ಸರಾಸರಿ ಒಂದು ರನ್ನಿನ ಮೇಲೆ ಕೂದಲೆಳೆಯಷ್ಟು. ಇವತ್ತಿನ ಒಂಬತ್ತರಲ್ಲಿ ಅವನ ಲೆಕ್ಕಕ್ಕೆ ಒಂದೂ ರನ್ ಸೇರದಿದ್ದರೆ ಸೊನ್ನೆ ಬಿಂದು ಒಂಬತ್ತು ಎಂಟು. ಒಂದಕ್ಕಿಂತ ಕಡಿಮೆ. ಈ ಲೀಗಿನಲ್ಲಿ ಯಾರೂ ಮಾಡದ್ದು.

"ಒಂದು ರನ್ ಬಂದರೂ ಹೋಯ್ತು," ಎಂದ ಒಬ್ಬ.

"ಬರೋದು ಎಲ್ಲಿಂದ ಅಂತ ಗೊತ್ತಲ್ಲ. ಮೂರನೇ ಬೇಸಿಂದ," ಎಂದ ಇನ್ನೊಬ್ಬ. ಟ್ರಾಮು ನಕ್ಕಿತು. "ಅಲ್ಲಿ ನಿಲ್ಲೋ ಆ ಪಾವ್ಲಿಕ್ ಕೈಗೆ ಮಗು ಕೊಟ್ಟರೂ ನೆಲಕ್ಕೆ ಬೀಳ್ಸಿಬಿಡ್ತಾನೆ."

"ಬಿದ್ದರೇನು, ಟ್ಯಾಕೆಟ್ ಲೆಕ್ಕಕ್ಕೆ ಸೇರೋಲ್ಲವಲ್ಲ. ತಪ್ಪು ಪಾವ್ಲಿಕ್‌ದು, ರನ್ ಯಾರದ್ದೂ ಅಲ್ಲ. ಅಲ್ವಾ ಯಜಮಾನ್ರೇ? ಐವತ್ಮೂರು ತಪ್ಪು. ನೀವೇ ಬರ್ಕೊಂಡಿದ್ದು."

"ಅಲ್ಲಿ ಆದದ್ದನ್ನ ಬರೀತೀನಿ," ಎಂದ ಹ್ರುಷ್ಕಾ.

"ಅದೇ ಮತ್ತೆ. ನಿಮ್ಮ ಕಣ್ಣು ತಪ್ಪಿಸಿ ಹೋಗೋಕಾಗುತ್ತಾ!"

ಹ್ರುಷ್ಕಾ ಕಿಟಕಿಯ ಕಡೆ ತಿರುಗಿದ. ಎಡಗಡೆಯ ಕಿಟಕಿ, ಅಲ್ಲಿ ಏನೂ ಇರಲಿಲ್ಲ. ಅದು ಶುರುವಾದದ್ದು ಜುಲೈ ಹತ್ತೊಂಬತ್ತು, ಬುಧವಾರ, ದಿನಕ್ಕೆರಡು ಆಟವಿದ್ದ ದಿನ, ಎರಡನೇ ಆಟದ ನಾಲ್ಕನೇ ಇನಿಂಗ್ಸ್. ಬಿಸಿಲು ಬಿಳಿಯ ಕಾವಲಿಯ ಹಾಗೆ ಮೈದಾನದ ಮೇಲೆ ಕವುಚಿಕೊಂಡಿತ್ತು. ಬ್ಯಾಟಿನ ಸದ್ದು ಕೇಳಿತು, ಚೆಂಡು ಎಡಕ್ಕೆ ಹೋಯಿತು ಎಂದು ತಲೆಗಳು ತಿರುಗಿದ್ದರಿಂದ ಗೊತ್ತಾಯಿತು, ಅವನೂ ತಿರುಗಿದ, ಬಲಗಣ್ಣು ಅಲ್ಲಿಗೆ ತಲುಪುವ ಮೊದಲು ಮೂರನೇ ಬೇಸ್ ಇರಬೇಕಾದ ಜಾಗದಲ್ಲಿ ಬಿಳಿ ಬಟ್ಟೆ. ಒಂದು ಸದ್ದು ಬಂತು. ಚೆಂಡು ಗ್ಲೌಸಿನ ನಡುವೆ ಬಿದ್ದರೆ ಚಟ್ ಎನ್ನುತ್ತದೆ, ಇದು ದಪ್ ಎಂದಿತು. ಜನ ಕೂಗಿದರು. ಹ್ರುಷ್ಕಾ ಪತ್ರಕರ್ತರ ಅಟ್ಟದ ಕಟ್ಟೆಯ ಮೇಲೆ ಕೈ ಎತ್ತಿದ. ಒಂದು ಬೆರಳು ಎತ್ತಿದರೆ ಹಿಟ್, ಹೊಡೆದವನ ಗಳಿಕೆ. ಮುಷ್ಟಿ ಎತ್ತಿದರೆ ತಪ್ಪು, ಚೆಂಡು ಬಿಟ್ಟವನದು. ಎದುರಿನ ಬೋರ್ಡಿನವನು ಅದನ್ನು ನೋಡಿ ಹಲಗೆ ತೂಗಿಸುತ್ತಾನೆ. ಆ ದಿನ ಕೈ ತಾನಾಗಿ ಮುಷ್ಟಿಯಾಯಿತು. ಹಲಗೆ ಏರಿತು, ಜನ ಇನ್ನೂ ಜೋರಾಗಿ ಕೂಗಿದರು, ಅದರಿಂದ ಅವನಿಗೆ ತಾನು ಸರಿ ಎಂಬ ಸಮಾಧಾನವಾಯಿತು. ಮರುದಿನ ಅವನ ಪತ್ರಿಕೆಯಲ್ಲೇ ಪಾವ್ಲಿಕ್ ಗ್ಲೌಸಿನ ಬದಲು ಜರಡಿ ಹಿಡಿದು ನಿಂತ ವ್ಯಂಗ್ಯಚಿತ್ರ ಬಂತು. ಅಲ್ಲಿಂದ ಮುಂದೆ ಎಡಕ್ಕೆ ಚೆಂಡು ಹೋದರೆ ಸಾಕು, ಅದು ತಲುಪುವ ಮೊದಲೇ ಜನ ಪಾವ್ಲಿಕ್‌ನನ್ನು ಬೈಯುತ್ತಿದ್ದರು. ಹ್ರುಷ್ಕಾ ಬೈಗುಳ ಕೇಳಿ ಮುಷ್ಟಿ ಎತ್ತುತ್ತಿದ್ದ. ಮುಷ್ಟಿ ನೋಡಿ ಜನ ಬೈಯುತ್ತಿದ್ದರು. ಯಾವುದು ಮೊದಲು ಯಾವುದು ಆಮೇಲೆ ಎಂದು ಅವನು ಒಂದು ಭಾನುವಾರ ಪೂಜೆಯ ನಡುವೆ ಯೋಚಿಸಲು ಹೋಗಿ ಬೆವೆತಿದ್ದ. ಎರಡು ಸಾಲು ಮುಂದೆ ಪಾವ್ಲಿಕ್‌ನ ತಾಯಿ ಮಂಡಿಯೂರಿದ್ದಳು. ಕಪ್ಪು ಶಾಲು, ಸುಟ್ಟ ರೊಟ್ಟಿಯ ಬಣ್ಣದ ಕತ್ತು.

ಬೇರೆ ಯಾರಿಗೂ ಗೊತ್ತಿರದ ಒಂದು ಲೆಕ್ಕ ಅವನಿಗೆ ಗೊತ್ತಿತ್ತು. ಎಲ್ಲಾ ಊರುಗಳ ಹಾಳೆಗಳ ನಕಲು ಬಂದು ಸೇರುವುದು ಪತ್ರಿಕೆಯ ಕಚೇರಿಯ ಅವನ ಮೇಜಿಗೇ. ಜುಲೈ ಹತ್ತೊಂಬತ್ತಕ್ಕೆ ಮುಂಚೆ ಪಾವ್ಲಿಕ್‌ನ ತಪ್ಪು ಹದಿನಾಲ್ಕು. ಆಮೇಲೆ ಮೂವತ್ತೊಂಬತ್ತು. ಆ ಮೂವತ್ತೊಂಬತ್ತರಲ್ಲಿ ಬೇರೆ ಊರುಗಳಲ್ಲಿ, ಬೇರೆ ಸ್ಕೋರರುಗಳ ಕಣ್ಣ ಮುಂದೆ ಆದವು ಆರು. ಈ ಊರಿನಲ್ಲಿ ಮೂವತ್ತಮೂರು. ಟ್ಯಾಕೆಟ್ ಎಸೆಯುವುದು ಮೂರು ಆಟಕ್ಕೊಂದು ಸಲ, ಆದರೆ ಆ ಮೂವತ್ತಮೂರರಲ್ಲಿ ಹತ್ತೊಂಬತ್ತು ಟ್ಯಾಕೆಟ್ ಎಸೆದ ದಿನಗಳಲ್ಲಿ. ಈ ಲೆಕ್ಕ ಮಾಡಿದ ಕಾಗದವನ್ನು ಹ್ರುಷ್ಕಾ ಒಲೆಗೆ ಹಾಕಿದ್ದ. ತಾನು ಬೇಕೆಂದು ಮಾಡಿದ್ದಲ್ಲ. ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲ, ಬೇಕೆಂದಲ್ಲ. ಕೈಯೇ ಹಾಗೆ ಮಾಡುತ್ತಿತ್ತು.

ಮೈದಾನದ ಸ್ಟ್ಯಾಂಡಿನ ಕೆಳಗಿನ ಓಣಿಯಲ್ಲಿ ಕಡಲೆಕಾಯಿ ಹುರಿಯುವ ಹೊಗೆ, ಮೂತ್ರದ ವಾಸನೆ. ಅಟ್ಟದ ಮೆಟ್ಟಿಲ ಹತ್ತಿರ ಯಾರೋ ನಿಂತಿದ್ದರು. ಹ್ರುಷ್ಕಾ ಹತ್ತಿರ ಹೋಗುವವರೆಗೆ ಅದು ಕಂಬವೆಂದುಕೊಂಡಿದ್ದ.

"ಹ್ರುಷ್ಕಾ ಅವ್ರೇ," ಎಂದಿತು ಕಂಬ. ಜೋ ಪಾವ್ಲಿಕ್. ಸಮವಸ್ತ್ರ ಹಾಕಿಕೊಂಡು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, ಪಾದ್ರಿಯ ಮುಂದೆ ನಿಂತ ಹಾಗೆ.

ಆಟಗಾರರು ಬಂದು ಸ್ಕೋರರನ ಜೊತೆ ಜಗಳವಾಡುವುದು ಹೊಸದಲ್ಲ. ಒಬ್ಬ ಹ್ರುಷ್ಕಾನ ಶಾಯಿ ಬುಡ್ಡಿಯನ್ನು ಎತ್ತಿ ಎಸೆದಿದ್ದ. ಪಾವ್ಲಿಕ್ ಮಾತ್ರ ಈ ವರ್ಷವೆಲ್ಲ ಒಂದು ಸಲವೂ ಬಂದಿರಲಿಲ್ಲ. ಚರ್ಚಿನ ಬಾಗಿಲಲ್ಲಿ ಬಾಗಿಲು ಹಿಡಿದು ನಿಂತು, "ಹುಷಾರು, ಮೆಟ್ಟಿಲಿದೆ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಇವನಿಗೆ ಗೊತ್ತಾಗಿಬಿಟ್ಟಿದೆಯೇನೋ ಎಂದು ಹ್ರುಷ್ಕಾ ಸರಸರನೆ ಮುಂದೆ ನಡೆದುಬಿಡುತ್ತಿದ್ದ.

"ಜಗಳಕ್ಕೆ ಬಂದಿಲ್ಲ," ಎಂದ ಪಾವ್ಲಿಕ್. "ಒಂದು ಮಾತು ಕೇಳ್ಬೇಕಿತ್ತು. ಜುಲೈನಲ್ಲಿ, ಎರಡು ಆಟ ಇತ್ತಲ್ಲ ಆ ದಿನ, ಎರಡನೇದರಲ್ಲಿ. ಆ ಚೆಂಡು ನನ್ನ ಗ್ಲೌಸಿಗೆ ಬಿದ್ದು ಆಚೆ ಹೋಯ್ತಾ, ಇಲ್ಲ ಮೊದಲೇ ಎಗರಿ ಭುಜಕ್ಕೆ ಬಡೀತಾ? ನಂಗೆ ಭುಜ ಅಂತ ನೆನಪು. ಮನೇಲಿ ನಮ್ಮಮ್ಮ ಎಣ್ಣೆ ಹಚ್ಚಿದ್ಲು, ಅದೂ ನೆನಪಿದೆ. ಆದ್ರೆ ಈಗೀಗ ಅದು ಬೇರೆ ದಿನ ಇರ್ಬೇಕು ಅನ್ಸುತ್ತೆ."

"ಇಷ್ಟು ದಿನ ಆದ್ಮೇಲೆ ಅದ್ಯಾಕೆ ಈಗ?"

"ಕೈಗಳ ಮೇಲೆ ನಂಬಿಕೆ ಹೋಗ್ತಾ ಇದೆ. ನೋಡಿ." ಪಾವ್ಲಿಕ್ ಎರಡೂ ಕೈ ಚಾಚಿದ. ಹ್ರುಷ್ಕಾ ನೋಡಿದ, ಮಸುಕಾದ ಎರಡು ಅಗಲದ ವಸ್ತುಗಳು. "ಚೆಂಡು ಹಿಡಿದ ಮೇಲೂ ಹಿಡಿದಿದೀನಾ ಅಂತ ನೋಡ್ಕೋತೀನಿ. ಊಟಕ್ಕೆ ಕೂತಾಗ ಚಮಚ ಹಿಡಿದಿದೀನಾ ಅಂತ ನೋಡ್ಕೋತೀನಿ. ಮ್ಯಾನೇಜರು ಹೇಳಿದಾರೆ, ಇವತ್ತು ಬೋರ್ಡಿನ ಮೇಲೆ ನನ್ನ ಹೆಸರಿಗೆ ಒಂದೂ ತಪ್ಪು ಏರದಿದ್ರೆ ಮುಂದಿನ ವರ್ಷಕ್ಕೆ ಇಟ್ಕೋತಾರಂತೆ. ಏರಿದ್ರೆ ಸೋಮವಾರದಿಂದ ತಂತಿ ಕಾರ್ಖಾನೆ. ನಮ್ಮಪ್ಪ ಅಲ್ಲೇ ಸತ್ತದ್ದು, ನಿಮಗೆ ಗೊತ್ತಲ್ಲ. ಅದಕ್ಕೇ ಕೇಳ್ದೆ. ಆವತ್ತು ಅದು ಭುಜಕ್ಕೆ ಬಡಿದಿದ್ರೆ, ಕೈ ಸರಿ ಇದೆ ಅಂತ ಆಗುತ್ತೆ. ಅಷ್ಟು ಗೊತ್ತಾದ್ರೆ ಇವತ್ತು ಆಡ್ತೀನಿ."

ಎರಡು ಮಾತು ಸಾಕಿತ್ತು. ನಾನು ನೋಡಲಿಲ್ಲ. ಆ ಎರಡು ಮಾತಿನ ಬೆನ್ನ ಹಿಂದೆ ಮೂವತ್ತಮೂರು ತಪ್ಪುಗಳ ಹಾಳೆಗಳು, ಸೊನ್ನೆ ಬಿಂದು ಒಂಬತ್ತು ಎಂಟು, ಹತ್ತೊಂಬತ್ತು ವರ್ಷದ ಕುರ್ಚಿ, ಟ್ರಾಮಿನಲ್ಲಿ ಎದ್ದು ನಿಂತ ಜನ, ಎಲ್ಲವೂ ಸರಪಣಿಯ ಹಾಗೆ ಎಳೆದುಕೊಂಡು ಬರುವುದು ಹ್ರುಷ್ಕಾನಿಗೆ ಕೇಳಿಸಿತು.

"ಗ್ಲೌಸಿಗೇ ಬಿದ್ದಿತ್ತು. ನಾನು ನೋಡಿದೆ," ಎಂದ.

ಪಾವ್ಲಿಕ್ ತಲೆಯಾಡಿಸಿದ. ಟೋಪಿ ಹಾಕಿಕೊಂಡ. "ಹುಷಾರು," ಎಂದ, "ಮೊದಲನೇ ಮೆಟ್ಟಿಲು ಮುರಿದಿದೆ."

ಅಟ್ಟದಲ್ಲಿ ಮೂವರೇ. ಟೆಲಿಗ್ರಾಫಿನ ತಂತಿ ಯಂತ್ರದ ಮೇಲೆ ಬಾಗಿದ ನೌಕರ, ಅವನು ಆಟವನ್ನು ಕೇಳಿಸಿಕೊಂಡು ಟಕಟಕ ಕುಟ್ಟುತ್ತಾನೆ ಹೊರತು ತಲೆ ಎತ್ತುವುದಿಲ್ಲ. ಎದುರಾಳಿ ಪತ್ರಿಕೆಯ ಫ್ರಾಲಿ, ಐರಿಷ್‌ನವನು, ನಡುವಯಸ್ಸು, ಬಾಯಲ್ಲಿ ಸಿಗಾರು ಇಲ್ಲದಿದ್ದರೆ ಮಾತು. ಅವನು ಹ್ರುಷ್ಕಾನ ಎಡಕ್ಕೆ ಕೂರುತ್ತಾನೆ. ಜುಲೈನಿಂದ ಹ್ರುಷ್ಕಾ ಅವನ ಮೊಣಕೈಯನ್ನು ಓದಲು ಕಲಿತಿದ್ದ. ಫ್ರಾಲಿ ತಪ್ಪು ಕಂಡರೆ ಮೊಣಕೈ ಕುಣಿಸಿ ನಗುತ್ತಾನೆ, ಒಳ್ಳೆಯ ಹೊಡೆತ ಕಂಡರೆ ಉಸಿರು ಒಳಗೆಳೆಯುತ್ತಾನೆ.

"ಬನ್ನಿ ಯಜಮಾನ್ರೇ, ಶಾಸನ ಕೆತ್ತೋಕೆ ಉಳಿ ತಂದಿದೀರಾ? ನಮ್ಮಲ್ಲಿ ತಲೆಬರಹ ಆಗಲೇ ಅಚ್ಚಿಗೆ ಕೂತಿದೆ. 'ಒಂದಕ್ಕಿಂತ ಕಡಿಮೆ' ಅಂತ, ಇಷ್ಟು ದಪ್ಪ. ಈಗ ಟ್ಯಾಕೆಟ್ ಹಾಳು ಮಾಡಿದ್ರೆ ಅಚ್ಚಿನವನು ನನ್ನ ಕತ್ತು ಹಿಸುಕ್ತಾನೆ."

"ನಮ್ಮಲ್ಲೂ ಕೂತಿದೆ," ಎಂದ ಹ್ರುಷ್ಕಾ. ಪೆನ್ಸಿಲು ಹರಿತ ಮಾಡಿದ. ಅದು ಆಗಲೇ ಹರಿತವಿತ್ತು.

ಆಟ ನಡೆಯಿತು. ಎಂಟು ಇನಿಂಗ್ಸ್ ಟ್ಯಾಕೆಟ್ ಎಸೆದದ್ದು ಹ್ರುಷ್ಕಾನಿಗೆ ನಿಜಕ್ಕೂ ಕಂಡಿತು, ಏಕೆಂದರೆ ಪಿಚರ್ ನಿಲ್ಲುವುದು ನೇರ ಎದುರು. ಕೆಂಟಕಿ ಗುಡ್ಡದ ಉದ್ದ ತೋಳಿನ ಮನುಷ್ಯ, ಬಾವಿಯಿಂದ ಹಗ್ಗ ಎಳೆದು ಬಿಟ್ಟ ಹಾಗೆ ಎಸೆಯುತ್ತಿದ್ದ. ಅದು ಸುಂದರವಾಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಈ ಮನುಷ್ಯ ಒಂದು ಬಿಂದು ಸೊನ್ನೆಯಲ್ಲಿ ನಿಂತರೂ ಅಷ್ಟೇ ಸುಂದರವಾಗಿಯೇ ಎಸೆದಿರುತ್ತಾನೆ, ಆದರೆ ಆಗ ಯಾರೂ ಹಾಗೆ ಹೇಳುವುದಿಲ್ಲ. ಮೂರನೇ ಬೇಸಿಗೆ ಐದು ಚೆಂಡು ಹೋದವು. ಐದೂ ಸಲ ಜನ ಮುಂಚಿತವಾಗಿ ಊಳಿಟ್ಟರು. ಐದೂ ಸಲ ಚಟ್ ಎಂಬ ಸದ್ದು ಬಂತು. ಪ್ರತಿ ಚಟ್ಟಿಗೂ ಹ್ರುಷ್ಕಾನ ಕತ್ತಿನ ನರ ಸಡಿಲವಾಗುತ್ತಿತ್ತು. ಇವತ್ತು ತಪ್ಪಿಲ್ಲದೆ ಮುಗಿಯಲಿ. ಸೋಮವಾರ ಆಸ್ಪತ್ರೆಗೆ ಹೋಗುತ್ತೇನೆ. ಮರಳಿನ ಚೀಲಗಳ ನಡುವೆ ಮಲಗಿ ಎಲ್ಲವನ್ನೂ ಒಂದೊಂದಾಗಿ ಮರೆಯುತ್ತೇನೆ. ಹರಕೆ ಹೊರುವವನ ಹಾಗೆ ಅವನು ಮೇಜಿನ ಅಂಚನ್ನು ಹಿಡಿದುಕೊಂಡ.

ಒಂಬತ್ತನೇ ಇನಿಂಗ್ಸ್. ಊರಿನ ತಂಡಕ್ಕೆ ಎರಡು ರನ್, ಎದುರಾಳಿಗೆ ಸೊನ್ನೆ. ಇಬ್ಬರು ಔಟ್, ಎರಡನೇ ಬೇಸಿನಲ್ಲಿ ಓಟಗಾರನೊಬ್ಬ. ಆರು ಸಾವಿರ ಜನ ಎದ್ದು ನಿಂತಿದ್ದರು. ಫ್ರಾಲಿಯ ಸಿಗಾರು ಆರಿತ್ತು. "ಇರಿ, ಚರಿತ್ರೆಗೆ ಹೊಗೆ ಬೇಕು," ಎಂದು ಅವನು ಬೆಂಕಿಕಡ್ಡಿ ಗೀರಿ ಎರಡೂ ಕೈಯಿಂದ ಮರೆ ಮಾಡಿಕೊಂಡು ತಲೆ ಬಗ್ಗಿಸಿದ. ಆಗಲೇ ಬ್ಯಾಟಿನ ಸದ್ದು. ಒಣ ಸೌದೆ ಸೀಳಿದ ಹಾಗೆ. ತಲೆಗಳು ಎಡಕ್ಕೆ ತಿರುಗಿದವು. ಹ್ರುಷ್ಕಾ ತಿರುಗಿದ. ಬಿಳಿ. ಆ ಬಿಳಿಯೊಳಗಿಂದ ಒಂದು ಸದ್ದು ಬಂತು, ಚಟ್ ಅಲ್ಲ, ದಪ್ಪೂ ಅಲ್ಲ, ಹಸಿ ಮಾಂಸವನ್ನು ಮರದ ಕೊರಡಿನ ಮೇಲೆ ಹಾಕಿದ ಹಾಗೆ. ಅದರ ಹಿಂದೆಯೇ ಜನರ ಕೂಗು. ನೇರ ಎದುರು, ಅವನಿಗೆ ಕಾಣುವ ಕಡೆ, ಓಟಗಾರ ಕೊನೆಯ ಬೇಸಾದ ಹೋಮ್ ಮುಟ್ಟಿದ. ಒಂದು ರನ್.

ಆಮೇಲೆ ನಿಶ್ಶಬ್ದ. ಆರು ಸಾವಿರ ಮುಖಗಳು ಮೈದಾನ ಬಿಟ್ಟು ಮೇಲಕ್ಕೆ, ಅಟ್ಟದ ಕಡೆಗೆ ತಿರುಗಿದ್ದು ಅವನಿಗೆ ಕಾಣಲಿಲ್ಲ. ಆದರೆ ಒಲೆಯ ಬಾಗಿಲು ತೆರೆದ ಹಾಗೆ ಅದು ಮುಖಕ್ಕೆ ತಾಗಿತು. ಬೆರಳೋ ಮುಷ್ಟಿಯೋ. ಬೆರಳಾದರೆ ಟ್ಯಾಕೆಟ್‌ಗೆ ಮೂವತ್ತೆಂಟನೆಯ ರನ್, ಒಂದರ ಮೇಲೆ, ಎಲ್ಲ ಮುಗಿಯಿತು. ಮುಷ್ಟಿಯಾದರೆ ಪಾವ್ಲಿಕ್.

"ಏನ್ ನೋಡ್ದೆ?" ಎಂದ ಹ್ರುಷ್ಕಾ, ಫ್ರಾಲಿಯ ಕಡೆ ತಿರುಗದೆ.

"ನಾನೆಲ್ಲಿ ನೋಡ್ದೆ, ಬೆಂಕಿಕಡ್ಡಿ ನೋಡ್ತಿದ್ದೆ! ನೀವು ಹೇಳಿ. ನೋಡೋ ಕೆಲಸ ನಿಮ್ದು."

ತಂತಿ ಯಂತ್ರವೂ ನಿಂತಿತ್ತು. ಅವರಿಗೆಲ್ಲ ಕಾಯುವ ಹಕ್ಕಿತ್ತು. ಹ್ರುಷ್ಕಾನ ಬಲಗೈ ಮೇಜಿನ ಮೇಲೆ ಬಿದ್ದುಕೊಂಡಿತ್ತು, ಬೇರೆಯವರ ಕೈಯ ಹಾಗೆ. ಅದರೊಳಗೆ ಒಂದು ಬೆರಳು ಬಿಡಿಸಿಕೊಳ್ಳಲು ನೋಡುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅವನು ತನಗೆ ತಾನೇ ಹೇಳಿಕೊಂಡ.

"ಅಯ್ಯೋ ನೋಡಿ ಯಜಮಾನ್ರೇ," ಎಂದ ಫ್ರಾಲಿ, ಈಗ ಕಟ್ಟೆಯ ಮೇಲೆ ಬಾಗಿ. "ನಿಮ್ಮ ಪಾವ್ಲಿಕ್ ಮಂಡಿಯೂರಿದಾನೆ. ಎದೆ ಬಡ್ಕೋತಿದಾನೆ! ನಿಮ್ಮ ಚರ್ಚಲ್ಲಿ ಮಾಡ್ತಾರಲ್ಲ ಹಾಗೆ. ತಾನೇ ಒಪ್ಕೊಂಡುಬಿಟ್ಟ ಕಣ್ರೀ. ನನ್ನದೇ ತಪ್ಪು, ನನ್ನದೇ ತಪ್ಪು!"

ಹ್ರುಷ್ಕಾನ ಕೈ ಮೇಲೆದ್ದಿತು. ಮುಷ್ಟಿ.

ಮೈದಾನ ಸ್ಫೋಟಿಸಿತು. ಟೋಪಿಗಳು ಹಾರಿದವು. ಯಾವುದೋ ತಪ್ಪಿಗೆ ಇಷ್ಟು ಜನ ಇಷ್ಟು ಸಂತೋಷಪಟ್ಟದ್ದನ್ನು ಅವನು ಕೇಳಿರಲಿಲ್ಲ. ಮುಂದಿನವನನ್ನು ಟ್ಯಾಕೆಟ್ ಮೂರೇ ಎಸೆತದಲ್ಲಿ ಮುಗಿಸಿದ. ಬ್ಯಾಂಡು ಬಾರಿಸಲು ಶುರುವಾಯಿತು. ಹ್ರುಷ್ಕಾ ಹಾಳೆಯ ಮೇಲೆ ಬಾಗಿ, ಪಾವ್ಲಿಕ್‌ನ ಹೆಸರಿನ ಎದುರು ಒಂದು ಗೆರೆ ಎಳೆದ. ಪುಣ್ಯಾತ್ಮ, ತಾನೇ ಒಪ್ಪಿಕೊಂಡ. ಭಾರ ಇಳಿಸಿದ. ಅವನ ಮೇಲೆ ಮಮತೆಯೇ ಉಕ್ಕಿತು, ಮನೆಯಲ್ಲಿ ಬಟ್ಟಲನ್ನು ಬಲಕ್ಕೆ ಸರಿಸುವವಳ ಮೇಲೆ ಉಕ್ಕದಂಥ ಮಮತೆ.

ಕೊನೆಯ ಆಟದ ದಿನ ಸ್ಕೋರರು ಕೆಳಗಿಳಿದು ಆಟಗಾರರ ಕೋಣೆಗೆ ಹೋಗುವುದು ಈ ಊರಿನ ಪದ್ಧತಿ. ಪ್ರತಿಯೊಬ್ಬನ ಹೆಸರು ಕೂಗಿ, ವರ್ಷದ ಲೆಕ್ಕ ಬರೆದ ಚೀಟಿಯನ್ನು ಅವನ ಕೈಗೇ ಕೊಡಬೇಕು. ಕೆಲವರು ಅದಕ್ಕೆ ಚೌಕಟ್ಟು ಹಾಕಿಸುತ್ತಾರೆ. ಚೀಟಿ ಓದಲು ಹ್ರುಷ್ಕಾನಿಗೆ ಕಣ್ಣು ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಕೋಣೆಯಲ್ಲಿ ಬಿಯರು, ಹಬೆ, ಬೆತ್ತಲೆ ಬೆನ್ನುಗಳು.

"ಟ್ಯಾಕೆಟ್. ಗೆಲುವು ಮೂವತ್ತೊಂದು. ಇನಿಂಗ್ಸ್ ಮುನ್ನೂರ ನಲವತ್ತೊಂದು. ಸರಾಸರಿ ಸೊನ್ನೆ ಬಿಂದು ಒಂಬತ್ತು ಎಂಟು."

ಛಾವಣಿ ಕಿತ್ತುಹೋಗುವ ಹಾಗೆ ಕೂಗಿದರು. ಟ್ಯಾಕೆಟ್ ಹತ್ತಿರ ಬಂದು ಹ್ರುಷ್ಕಾನ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಎತ್ತಿದ. "ಈ ಮುಷ್ಟಿಗೆ ಒಂದು ಬಾಟ್ಲು ನಂದು, ದೊಡ್ಡವ್ರೇ. ನನ್ನ ತೋಳಿಗಿಂತ ಇದೇ ಜಾಸ್ತಿ ಎಸೆದಿದೆ." ಎಲ್ಲರೂ ನಕ್ಕರು. ಹ್ರುಷ್ಕಾನೂ ನಕ್ಕ. ಟ್ಯಾಕೆಟ್ ನಗುತ್ತಿರಲಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿತು. ಇಷ್ಟು ಹತ್ತಿರದಲ್ಲಿ ಅವನ ಮುಖ ಕಾಣುತ್ತಿತ್ತು, ಬೇಡದ ಉಡುಗೊರೆ ತೆಗೆದುಕೊಂಡವನ ಮುಖ.

ಪಾವ್ಲಿಕ್‌ನ ಹೆಸರು ಬರುವ ಹೊತ್ತಿಗೆ ಯಾರೂ ಕೇಳುತ್ತಿರಲಿಲ್ಲ. ಮೂಲೆಯ ಬೆಂಚಿನ ಮೇಲೆ ಕೂತಿದ್ದ. ಅಂಗಿ ಬಿಚ್ಚಿ, ಮಂಜುಗಡ್ಡೆ ಕಟ್ಟಿದ ಬಟ್ಟೆಯನ್ನು ಕತ್ತಿನ ಬುಡಕ್ಕೆ ಒತ್ತಿಕೊಂಡಿದ್ದ. ಚೀಟಿ ತೆಗೆದುಕೊಳ್ಳಲು ಕೈ ಚಾಚಿದಾಗ ಬಟ್ಟೆ ಜಾರಿತು. ಹ್ರುಷ್ಕಾ ಚೀಟಿ ಕೊಡಲು ಬಾಗಿದ್ದ, ಮುಖ ಅವನ ಎದೆಗೆ ಒಂದು ಗೇಣು. ಬಲಗಣ್ಣಿಗೆ ಎಲ್ಲ ಸ್ವಚ್ಛವಾಗಿ ಕಂಡಿತು. ಕೊರಳೆಲುಬಿನ ಮೇಲೆ ಚೆಂಡಿನಷ್ಟೇ ದುಂಡಗಿನ ಊತ, ನೇರಳೆಗೆ ತಿರುಗುತ್ತಿತ್ತು. ಅದರ ನಡುವೆ ಚೆಂಡಿನ ಹೊಲಿಗೆ ಅಚ್ಚೊತ್ತಿತ್ತು, ಸಾಲಾಗಿ, ಕೆಂಪಗೆ. ಸಾಲಿನಲ್ಲಿ ಎಂಟು ಹೊಲಿಗೆ. ಅವನು ಎಣಿಸಿದ. ಎಣಿಸುವುದನ್ನು ನಿಲ್ಲಿಸಲಾಗಲಿಲ್ಲ. ಗ್ಲೌಸಿಗೆ ತಾಗಿ ಬಂದ ಚೆಂಡು ಇಂಥ ಗಾಯ ಮಾಡುವುದಿಲ್ಲ. ನೆಲದ ಕಲ್ಲಿಗೋ ಹೆಂಟೆಗೋ ಬಡಿದು ನೇರ ಎಗರಿ ಎಲುಬಿಗೆ ಹೊಡೆದಿದೆ. ಯಾವ ಮನುಷ್ಯನ ಕೈಯೂ ಅದನ್ನು ಹಿಡಿಯಲಾರದು. ನಿಯಮದ ಪ್ರಕಾರ ಹಿಟ್. ಎದೆ ಬಡಿದುಕೊಂಡದ್ದಲ್ಲ, ನಿಂತ ಉಸಿರನ್ನು ಗುದ್ದಿ ಗುದ್ದಿ ಹೊರಡಿಸುತ್ತಿದ್ದ.

"ಐವತ್ನಾಲ್ಕು," ಎಂದ ಪಾವ್ಲಿಕ್, ಚೀಟಿ ಓದುತ್ತ. ಮೆಲ್ಲಗೆ ಮಡಿಚಿದ. "ಕಲ್ಲಿಗೆ ಬಡಿದು ಎದ್ದ ಹಾಗೆ ಅನ್ನಿಸ್ತು ನಂಗೆ. ಕೈ ಸರಿಯಾಗೇ ಇಟ್ಟಿದ್ದೆ ಅನ್ನಿಸ್ತು."

ಹ್ರುಷ್ಕಾ ಜೇಬು ಮುಟ್ಟಿಕೊಂಡ. ಹಾಳೆ ಇನ್ನೂ ಅವನ ಜೇಬಿನಲ್ಲೇ ಇತ್ತು. ಲೀಗಿನ ಕಾರ್ಯದರ್ಶಿಗೆ ಅದು ಅಂಚೆಯಲ್ಲಿ ಹೋಗುವವರೆಗೆ ಸ್ಕೋರರು ಏನನ್ನಾದರೂ ತಿದ್ದಬಹುದು, ತಿದ್ದಿದ್ದೂ ಉಂಟು. ಪೆನ್ಸಿಲು, ರಬ್ಬರು, ಎರಡೂ ಅದೇ ಜೇಬಿನಲ್ಲಿ. ಹಿಂದೆ ಟ್ಯಾಕೆಟ್‌ನನ್ನು ಹೆಗಲ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ಸಿಕ್ಕಿಸಿಕೊಂಡು, ತಲೆ ಬಗ್ಸೋ, ತಲೆ ಬಗ್ಸೋ ಎಂದು ಕೂಗುತ್ತಿದ್ದರು.

"ನೀವು ನೋಡಿದ್ರಿ ತಾನೆ?" ಎಂದ ಪಾವ್ಲಿಕ್.

"ನೋಡಿದೆ."

"ಹಾಗಾದ್ರೆ ಕೈಯೇ." ಪಾವ್ಲಿಕ್ ತನ್ನ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಕಾಡುತ್ತಿದ್ದ ರೋಗಕ್ಕೆ ಡಾಕ್ಟರು ಹೆಸರು ಹೇಳಿದಾಗ ಬರುವ ಒಂದು ಬಗೆಯ ನಿರಾಳವಿತ್ತು. "ನಮ್ಮಮ್ಮನಿಗೆ ಹೇಳಿಬಿಡಬಹುದು. ಇಷ್ಟು ದಿನ ಅವಳು ನಂಬ್ತಿರಲಿಲ್ಲ." ಬಟ್ಟೆಯನ್ನು ಎತ್ತಿ ಮತ್ತೆ ಕೊರಳೆಲುಬಿಗೆ ಒತ್ತಿಕೊಂಡ. ಮಂಜುಗಡ್ಡೆಯ ನೀರು ಹೊಲಿಗೆಯ ಗುರುತಿನ ಮೇಲಿಂದ ಇಳಿಯಿತು.

ಹೊರಗೆ ಇನ್ನೂ ಬೆಳಕಿತ್ತು. ಬೀದಿಯ ತುಂಬ ಜನ. ಯಾರೋ ಅವನ ಬೆನ್ನು ತಟ್ಟಿದರು, ಯಾರೋ ಯಜಮಾನ್ರೇ ಎಂದರು. ಹ್ರುಷ್ಕಾ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಹಾಳೆ ತೆಗೆದ. ರಬ್ಬರು ಕೈಯಲ್ಲಿತ್ತು. ಪಾವ್ಲಿಕ್‌ನ ಸಾಲು ಹುಡುಕಲು ಹಾಳೆಯನ್ನು ಬಲಗಣ್ಣಿನ ಹತ್ತಿರ ತಂದ. ಒಂದು ಗೆರೆ ಅಳಿಸಿದರೆ ಸಾಲದು, ಅಲ್ಲಿಂದ ಟ್ಯಾಕೆಟ್‌ನ ಸಾಲಿಗೆ ಹೋಗಬೇಕು, ಅಲ್ಲಿಂದ ಈ ಬೀದಿಯ ಜನರ ಬಾಯಿಗೆ, ಅಲ್ಲಿಂದ ಜುಲೈಗೆ. ಒಂದನ್ನು ಯಾಕೆ ತಿದ್ದಿದಿರಿ ಎಂದು ಕೇಳುತ್ತಾರೆ. ಅವನ ಗಾಯ ನೋಡಿದೆ ಎಂದರೆ, ಆಟದಲ್ಲಿ ಏನು ನೋಡುತ್ತಿದ್ದಿರಿ ಎಂದು ಕೇಳುತ್ತಾರೆ. ಕಾರ್ಖಾನೆಯೇನು ಕೊಲೆಯ ಜಾಗವೇ? ಊರಿನ ಅರ್ಧ ಜನ ಅಲ್ಲೇ ದುಡಿಯುವುದಿಲ್ಲವೇ? ಅವನೇ ಒಪ್ಪಿಕೊಂಡಿದ್ದಾನೆ, ಎರಡು ಸಲ, ಈಗ ನನ್ನ ಕಣ್ಣೆದುರಿಗೇ. ಹ್ರುಷ್ಕಾ ಹಾಳೆಯನ್ನು ಲಕೋಟೆಗೆ ಹಾಕಿ, ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿ, ಹೆಬ್ಬೆರಳಿನಿಂದ ಒತ್ತಿದ. ರಬ್ಬರು ಎಲ್ಲಿ ಬಿತ್ತೋ ನೋಡಲಿಲ್ಲ.

ಮೂಲೆಯಲ್ಲಿ ಅಂಚೆ ಡಬ್ಬಿ ಇತ್ತು. ಹತ್ತೊಂಬತ್ತು ವರ್ಷದಿಂದ ಅದೇ ಡಬ್ಬಿ. ಬಾಯಿ ಎಲ್ಲಿದೆ ಎಂದು ಅವನ ಕೈಗೆ ಗೊತ್ತಿತ್ತು. ಲಕೋಟೆ ಕಬ್ಬಿಣಕ್ಕೆ ಬಡಿದು ಬಾಗಿತು. ಇನ್ನಷ್ಟು ಎಡಕ್ಕೆ ತಂದ, ಮತ್ತೆ ಕಬ್ಬಿಣ. ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು, ಈಗ ಬಲಗಣ್ಣಿಗೂ ಬಿಳಿ ಬಿಟ್ಟರೆ ಏನೂ ಇರಲಿಲ್ಲ. ಮೂರನೇ ಸಲ ಕೈ ಚಾಚಿದಾಗ ಹಿಟ್ಟು ಮೆತ್ತಿದ ಒಂದು ಹೆಂಗಸಿನ ಕೈ ಅವನ ಮಣಿಕಟ್ಟು ಹಿಡಿಯಿತು.

"ಇಲ್ಲಿ ತಾತಾ, ಇಲ್ಲಿ. ಎಲ್ಲಿಗೆ ತುರುಕ್ತಿದೀರಿ? ಹಬ್ಬದ ದಿನ ಅಂತ ಜಾಸ್ತಿ ಕುಡಿದಿದೀರೇನು?"

ಅವಳು ಅವನ ಕೈಯನ್ನು ಡಬ್ಬಿಯ ಬಾಯಿಗೆ ಕೊಂಡೊಯ್ದಳು. ಬೆರಳುಗಳು ಬಿಟ್ಟವು. ಒಳಗೆ ಎಲ್ಲೋ ಕೆಳಗೆ ಒಂದು ಸದ್ದಾಯಿತು.

"ಬಿತ್ತಾ?" ಎಂದ ಹ್ರುಷ್ಕಾ.

"ಬಿತ್ತು."

"ನೀವು ನೋಡಿದ್ರಾ?"

"ನೋಡೋದೇನು ಬಂತು," ಎಂದಳು ಹೆಂಗಸು, ಅವನ ಕೈ ಬಿಟ್ಟು ಹೊರಡುತ್ತ. "ಸದ್ದಾಯ್ತಲ್ಲ."